ನಾಲ್ವರು, ಒಂದು ನೋಟ್‌ಬುಕ್, ಇಪ್ಪತ್ತೈದು ನಿಮಿಷ: ನಮ್ಮ ಪ್ರಾರ್ಥನಾ ಕೂಟ ಉಳಿದ ಬಗೆ

ನಾಲ್ಕು ಜನ ಹೆಂಗಸರು ಸೇರಿದರೆ ಪ್ರಾರ್ಥನೆ ಹತ್ತು ನಿಮಿಷ, ಮನೆಮಾತು ಎರಡು ಗಂಟೆ ಎಂದವರು ನಮ್ಮ ಕ್ರೈಸ್ತ ಸಭೆಯೊಳಗೇ ಇದ್ದರು. ಆರು ತಿಂಗಳಲ್ಲಿ ಮಾತಿಗೆ ಮಾತು ಬೆಳೆದು ಮುಗಿಯುತ್ತದೆ ಎಂದೂ ಹೇಳಿದ್ದರು. ಏಳೆಂಟು ವರ್ಷ ದಾಟಿದೆ, ಕೂಟ ನಡೆಯುತ್ತಿದೆ. ಈ ನಡುವೆ ನಮ್ಮ ನಾಲ್ಕು ಮನೆಗಳಲ್ಲಿ ಕೆಲಸ ಹೋಗಿದೆ, ಪಾರ್ಶ್ವವಾಯು ಬಂದಿದೆ, ಕುಡಿತವಿದೆ, ಸಾಲವಿದೆ, ದೇವರ ಹೆಸರೆತ್ತಿದರೆ ಎದ್ದು ಹೋಗುವ ಮಕ್ಕಳಿದ್ದಾರೆ, ಸಾವೂ ಆಗಿದೆ. ನಾಲ್ವರೂ ಇಂದಿಗೂ ಒಟ್ಟಿಗೆ ಮೊಣಕಾಲೂರುತ್ತೇವೆ. ದೇವರ ಕೃಪೆ ಎಂಬುದು ಎಲ್ಲಕ್ಕೂ ಮೊದಲ ಮಾತು. ಅದರ ಜೊತೆಗೆ ನಾವು ಹಾಕಿಕೊಂಡ ಕಟ್ಟುಪಾಡುಗಳೂ ಇವೆ, ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪ್ರಾರ್ಥನೆ ಎಂದರೇನು, ಯಾಕೆ ಮಾಡಬೇಕು ಎಂಬುದು ಓದುವ ಸಹೋದರಿಯರಿಗೆ ಗೊತ್ತೇ ಇದೆ.

ಮೊದಲು ಸಂಖ್ಯೆ. ಹತ್ತು ಹನ್ನೆರಡು ಜನರ ಗುಂಪು ಕಷ್ಟಕಾಲಕ್ಕೆ ಆಗುವುದಿಲ್ಲ. ಒಬ್ಬೊಬ್ಬರು ತಮ್ಮ ವಿಜ್ಞಾಪನೆ ಹೇಳಲು ಎರಡು ನಿಮಿಷ ತೆಗೆದುಕೊಂಡರೂ ಇಪ್ಪತ್ತು ಇಪ್ಪತ್ನಾಲ್ಕು ನಿಮಿಷ ಹೇಳುವುದರಲ್ಲೇ ಹೋಗುತ್ತದೆ. ಪ್ರಾರ್ಥನೆಗೆ ಉಳಿಯುವುದು ಕೊನೆಯ ಐದು ನಿಮಿಷ. ಅಷ್ಟು ಜನರ ಮುಂದೆ ಗಂಡನ ಕುಡಿತದ ಬಗ್ಗೆ ಯಾರೂ ಬಾಯಿ ಬಿಡುವುದೂ ಇಲ್ಲ, "ಮನೆಯಲ್ಲಿ ಸ್ವಲ್ಪ ಸಮಸ್ಯೆ" ಎಂದು ತೇಲಿಸಿಬಿಡುತ್ತಾರೆ. ಇಬ್ಬರಾದರೆ ಒಬ್ಬರ ಕಾಯಿಲೆಗೇ ಕೂಟ ನಿಲ್ಲುತ್ತದೆ. ಮೂವರಲ್ಲಿ ಇಬ್ಬರು ಹತ್ತಿರವಾಗಿ ಮೂರನೆಯವಳು ಹೊರಗುಳಿಯುವುದು ಬೇಗ ಆಗುವ ಸಂಗತಿ. ನಾಲ್ವರಲ್ಲಿ ಒಬ್ಬರು ಬಾರದಿದ್ದರೂ ಮೂವರಿರುತ್ತಾರೆ, ಬೇಕೆಂದಾಗ ಎರಡು ಜೋಡಿಯಾಗಬಹುದು. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದಲ್ಲಿ ತಾನಿರುತ್ತೇನೆ ಎಂದು ಯೇಸುಸ್ವಾಮಿ ಮತ್ತಾಯ 18ರಲ್ಲಿ ಕೊಟ್ಟ ಮಾತಿರುವಾಗ ಸಂಖ್ಯೆ ಕಡಿಮೆಯೆಂದು ಚಿಂತಿಸಬೇಕಾಗಿಲ್ಲ.

ಯಾರು ಆ ನಾಲ್ವರು ಎಂಬುದು ಸಂಖ್ಯೆಗಿಂತ ಮುಖ್ಯ. ಒಂದೇ ಮನೆಯ ಇಬ್ಬರು ಬೇಡ: ಅತ್ತೆ ಸೊಸೆ, ಓರಗಿತ್ತಿಯರು, ನಾದಿನಿ ಅತ್ತಿಗೆ. ಒಬ್ಬಳ ಗಂಡ ಇನ್ನೊಬ್ಬಳ ಗಂಡನ ಕೈಕೆಳಗೆ ಕೆಲಸ ಮಾಡುವಂತಿದ್ದರೂ ಬೇಡ. ಒಬ್ಬಳಾದರೂ ಉಳಿದವರಿಗಿಂತ ಹದಿನೈದು ಇಪ್ಪತ್ತು ವರ್ಷ ದೊಡ್ಡವಳಿರಲಿ. ಯೇಸುವಿನ ತಾಯಿ ಮರಿಯಳು ತನ್ನ ಸಂಕಟದ ಹೊತ್ತಿನಲ್ಲಿ ಓರಗೆಯವರ ಬಳಿಗೆ ಹೋಗಲಿಲ್ಲ. ವಯಸ್ಸಾಗಿದ್ದ ಎಲಿಸಬೇತಳ ಮನೆಗೆ ಹೋಗಿ ಸುಮಾರು ಮೂರು ತಿಂಗಳು ಇದ್ದಳೆಂದು ಲೂಕನು ಬರೆದಿದ್ದಾನೆ. ನಮ್ಮಲ್ಲಿ ಹಿರಿಯಕ್ಕ ಒಬ್ಬರಿರುವುದರಿಂದಲೇ ಎಷ್ಟೋ ವಿಷಯ ಮಾತಾಗದೆ ಪ್ರಾರ್ಥನೆಯಾಗಿದೆ.

ಸಮಯ ಇಪ್ಪತ್ತೈದು ನಿಮಿಷ, ವಾರಕ್ಕೆ ಮೂರು ದಿನ, ಫೋನಿನಲ್ಲಿ. ತಿಂಗಳಿಗೊಮ್ಮೆ ಮುಖಾಮುಖಿ, ಆಗ ಒಂದೂವರೆ ಗಂಟೆ. ಫೋನಿನ ಇಪ್ಪತ್ತೈದು ನಿಮಿಷ ಹೀಗೆ ಹಂಚಿಕೆಯಾಗುತ್ತದೆ: ಸತ್ಯವೇದದ ಒಂದು ಕೀರ್ತನೆ ಓದಲು ಮೂರು, ಮೌನಕ್ಕೆ ಒಂದು, ನಾಲ್ವರ ಒಂದೊಂದು ಸಾಲಿನ ವಿಜ್ಞಾಪನೆಗೆ ಎಲ್ಲ ಸೇರಿ ಮೂರು, ಪ್ರಾರ್ಥನೆಗೆ ಹದಿನೈದು, ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆ. ಉಳಿದ ಒಂದೆರಡು ನಿಮಿಷ ಫೋನ್ ಸೇರಿಕೊಳ್ಳುವುದರಲ್ಲೇ ಹೋಗುತ್ತದೆ. ಆಮೆನ್ ಆಯಿತೆಂದರೆ ಕರೆ ಕತ್ತರಿಸಬೇಕು. ಈ ಒಂದು ನಿಯಮವನ್ನು ಬಿಟ್ಟರೆ ಉಳಿದವೆಲ್ಲ ನಿಷ್ಪ್ರಯೋಜಕ. ಪ್ರಾರ್ಥನೆಗೆ ಮುಂಚಿನ ಐದು ನಿಮಿಷ, ಆಮೆನ್ ನಂತರದ ಹತ್ತು ನಿಮಿಷ, ಚಾಡಿಮಾತು ಹುಟ್ಟುವುದೇ ಈ ಎರಡು ಸಂದುಗಳಲ್ಲಿ. ಮಾತಾಡಬೇಕೆಂದರೆ ಬೇರೆ ಹೊತ್ತಿಗೆ ಬೇರೆ ಕರೆ ಮಾಡಿಕೊಳ್ಳಬಹುದು.

ಯಾವ ಹೊತ್ತು? ಬೆಳಗ್ಗೆ ಐದು ಗಂಟೆ ಪವಿತ್ರವಾದ ಹೊತ್ತು ಎಂದು ಎಲ್ಲರೂ ಹೇಳುತ್ತಾರೆ. ರಾತ್ರಿಯೆಲ್ಲ ಹಾಸಿಗೆ ಹಿಡಿದವರ ಸೇವೆ ಮಾಡಿದವಳಿಗೆ ಐದು ಗಂಟೆಗೆ ಆಗಷ್ಟೇ ಕಣ್ಣು ಹತ್ತಿರುತ್ತದೆ. ಕೈಗೂಸು ಇರುವವಳ ಪಾಡೂ ಅದೇ. ಅವರು ಒಂದು ವಾರ ಎದ್ದು, ಎರಡನೆಯ ವಾರ ತಪ್ಪಿಸಿ, ಮೂರನೆಯ ವಾರ ನಾಚಿಕೆಯಿಂದ ದೂರವಾಗುತ್ತಾರೆ. ಆದ್ದರಿಂದ ಆ ತಿಂಗಳು ಯಾರ ಮನೆಯ ಪರಿಸ್ಥಿತಿ ಎಲ್ಲಕ್ಕಿಂತ ಕಠಿಣವಾಗಿದೆಯೋ ಅವರು ಹೇಳಿದ ಹೊತ್ತೇ ಎಲ್ಲರ ಹೊತ್ತು. ಮಧ್ಯಾಹ್ನ ಎರಡೂಕಾಲಕ್ಕೆ ತಿಂಗಳುಗಟ್ಟಲೆ ಪ್ರಾರ್ಥಿಸಿದ್ದೇವೆ. ದೇವರು ಆ ಹೊತ್ತಿನಲ್ಲೂ ಕೇಳುತ್ತಾನೆ.

ಫೋನಿನ ವಿಷಯದಲ್ಲಿ ಇನ್ನೆರಡು ಮಾತು. ಪ್ರಾರ್ಥಿಸುತ್ತಿರುವವಳ ಹೊರತು ಉಳಿದವರ ಧ್ವನಿ ಮ್ಯೂಟ್ ಆಗಿರಲಿ, ಇಲ್ಲದಿದ್ದರೆ ಒಂದು ಮನೆಯ ಗಲಾಟೆ ನಾಲ್ಕು ಮನೆಗೂ ಕೇಳುತ್ತದೆ. ಒಟ್ಟಿಗೆ ಹಾಡಲು ಹೋಗಬೇಡಿ. ಧ್ವನಿ ಒಂದು ಕ್ಷಣ ತಡವಾಗಿ ಬರುವುದರಿಂದ ತಾಳ ಕೆಡುತ್ತದೆ. ಒಬ್ಬರು ಎರಡು ಚರಣ ಹಾಡಲಿ, ಉಳಿದವರು ತಮ್ಮಲ್ಲೇ ಹಾಡಿಕೊಳ್ಳಲಿ. ಸಂದೇಶದಲ್ಲಿ ವಿವರ ಬರೆಯಲೇಬಾರದು. ಫೋನು ಗಂಡನ ಕೈಗೂ ಮಕ್ಕಳ ಕೈಗೂ ಹೋಗುವ ವಸ್ತು. ನಾವು ಹೆಸರಿನ ಬದಲು ಕೀರ್ತನೆಯ ಸಂಖ್ಯೆ ಕಳಿಸುತ್ತೇವೆ: "55" ಎಂದು ಬಂದರೆ ಆಪ್ತರಿಂದಲೇ ಪೆಟ್ಟು ಬಿದ್ದಿದೆ ಎಂದರ್ಥ, "121" ಎಂದರೆ ಆಸ್ಪತ್ರೆಯಲ್ಲಿದ್ದೇನೆ ಎಂದು. ಇನ್ನೂ ಕೆಲವು ಸಂಖ್ಯೆಗಳಿವೆ, ಅವು ನಮ್ಮ ನಾಲ್ವರಲ್ಲೇ ಇರಲಿ.

ಈಗ ನೋಟ್‌ಬುಕ್. ಇದನ್ನು ನಾವು ಚೆನ್ನಾಗಿ ಮಾಡಿದ್ದೇವೆ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಇನ್ನೂರು ಪುಟದ ಗೆರೆ ಹಾಕಿದ ಪುಸ್ತಕ. ಎಡಪುಟದಲ್ಲಿ ವಿಜ್ಞಾಪನೆ, ಬಲಪುಟ ಉತ್ತರಕ್ಕೆ ಖಾಲಿ. ಪ್ರತಿಯೊಬ್ಬಳಿಗೂ ಎರಡು ಸಾಲು. ಮೊದಲನೆಯದು ದೊಡ್ಡ ಸಾಲು: "ಅವರ ಕುಡಿತ ಬಿಡಿಸು", "ಮಗ ನಿನ್ನ ಬಳಿಗೆ ತಿರುಗಲಿ". ಎರಡನೆಯದು ಇವತ್ತಿನ ಸಾಲು: "ಈ ರಾತ್ರಿ ಹೆದರದೆ ಮಲಗುವಂತಾಗಲಿ", "ನಾಳೆ ಡಾಕ್ಟರ ಮುಂದೆ ಕೇಳಬೇಕಾದದ್ದು ಮರೆಯದಿರಲಿ", "ಮಗ ಫೋನ್ ಮಾಡಿದರೆ ಬೈಯದೆ ಮಾತಾಡುವಂತಾಗಲಿ". ದೊಡ್ಡ ಸಾಲು ವರ್ಷಗಟ್ಟಲೆ ಹಾಗೇ ಇರಬಹುದು. ಇವತ್ತಿನ ಸಾಲಿಗೆ ಎರಡು ಮೂರು ದಿನದೊಳಗೆ ಆಯಿತು ಅಥವಾ ಇಲ್ಲ ಎಂದು ಬರೆಯುವಂತಿರಬೇಕು. ದೊಡ್ಡ ಸಾಲು ಮಾತ್ರ ಇಟ್ಟುಕೊಂಡ ಕೂಟಗಳು ಒಂದೆರಡು ವರ್ಷದಲ್ಲಿ ಬತ್ತುತ್ತವೆ, ಯಾಕೆಂದರೆ ಕಣ್ಣಿಗೆ ಕಾಣುವ ಉತ್ತರವೇ ಇಲ್ಲ. ಚಿಕ್ಕ ಸಾಲು ಮಾತ್ರ ಇಟ್ಟುಕೊಂಡರೆ ಹೃದಯದ ಭಾರ ಹೇಳದೇ ಉಳಿಯುತ್ತದೆ. ಎರಡೂ ಬೇಕು, ಒಂದರ ಕೆಳಗೆ ಒಂದು.

ಸಾಲು ಬರೆಯುವಾಗ ಇನ್ನೊಬ್ಬರ ಪಾಪದ ವಿವರ ಬೇಡ, ಕೇಳುವವಳ ಅಗತ್ಯ ಮಾತ್ರ ಸಾಕು. ಸೊಸೆ ಏನಂದಳು ಎಂದು ಬರೆದರೆ ಅದು ದೂರು. "ಸೊಸೆಯ ಜೊತೆ ನಾಳೆ ಒಂದು ಒಳ್ಳೆಯ ಮಾತು" ಎಂದು ಬರೆದರೆ ವಿಜ್ಞಾಪನೆ.

ತಿಂಗಳಿಗೊಮ್ಮೆ ಸೇರಿದಾಗ ಬಲಪುಟ ತುಂಬಿಸುತ್ತೇವೆ. ಮೂರು ಗುರುತು: ಆಯಿತು, ಕಾಯುತ್ತಿದ್ದೇವೆ, ಇಲ್ಲ. "ಇಲ್ಲ" ಎಂದು ಬರೆಯಲು ಅನೇಕರಿಗೆ ಭಯ. ಪೌಲನು ತನ್ನ ಶರೀರದಲ್ಲಿನ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡು, ಮುಳ್ಳು ಹೋಗದೆ ಕೃಪೆ ಸಾಕೆಂಬ ಉತ್ತರ ಪಡೆದದ್ದನ್ನು 2 ಕೊರಿಂಥ 12ರಲ್ಲಿ ಮುಚ್ಚಿಡದೆ ಬರೆದಿದ್ದಾನೆ. ನಾವೂ ಬರೆಯಬಹುದು. ನೆನಪಿನ ಲೆಕ್ಕದಲ್ಲಿ ಹೇಳುವುದಾದರೆ ಚಿಕ್ಕ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚಕ್ಕೆ "ಆಯಿತು" ಬಿದ್ದಿದೆ. ದೊಡ್ಡವು ಇಪ್ಪತ್ತಿರಬಹುದು, ಅವುಗಳಲ್ಲಿ ಐದಾರಕ್ಕೆ. ಬರೆಯದಿದ್ದರೆ ಆ ಐದಾರೂ ಮರೆತುಹೋಗುತ್ತವೆ. ಅಪೊಸ್ತಲರ ಕೃತ್ಯಗಳು 12ರಲ್ಲಿ ಸೆರೆಯಲ್ಲಿದ್ದ ಪೇತ್ರನ ಬಿಡುಗಡೆಗಾಗಿ ಪ್ರಾರ್ಥಿಸುತ್ತಿದ್ದವರಿಗೇ, ಪೇತ್ರನು ಬಾಗಿಲಲ್ಲಿದ್ದಾನೆ ಎಂದು ರೋದೆ ಎಂಬ ದಾಸಿ ಬಂದು ಹೇಳಿದಾಗ ನಂಬಿಕೆ ಬರಲಿಲ್ಲ, ನಿನಗೆ ಹುಚ್ಚು ಎಂದರು. ಉತ್ತರವನ್ನು ಗುರುತಿಸುವುದೂ ಅಭ್ಯಾಸದಿಂದ ಬರಬೇಕಾದ್ದು.

ಕೀರ್ತನೆಗಳ ಆಯ್ಕೆಯಲ್ಲಿ ಬಹಳ ಜನ ಎಡವುತ್ತಾರೆ. ಸಂಕಟ ಬಂದ ಕೂಡಲೇ 23 ಅಥವಾ 91. ಎರಡೂ ಅಮೂಲ್ಯ, ಆದರೆ ನಿನ್ನೆ ಮಣ್ಣು ಮಾಡಿ ಬಂದವಳ ಕಿವಿಗೆ, ಯಾವ ಕೇಡೂ ಮುಟ್ಟದು ಎನ್ನುವ 91 ಇಂದು ಚುಚ್ಚಬಹುದು. 150 ಕೀರ್ತನೆಗಳಲ್ಲಿ ಮೊರೆಯಿಡುವ ಕೀರ್ತನೆಗಳು ಎಷ್ಟೊಂದಿವೆ, ನಮ್ಮ ಕೂಟಗಳಲ್ಲಿ ಅವುಗಳ ಪುಟವೇ ತಿರುವುವುದಿಲ್ಲ. 13 ಬರೀ ಆರು ವಚನ. ಮೊದಲ ಎರಡು ವಚನಗಳಲ್ಲೇ ಇನ್ನೆಷ್ಟರ ತನಕ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಕಾದು ಕಾದು ಸೋತವಳಿಗೆ ಇದು. 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕಿನ ಮಾತಿಲ್ಲ. ದೇವರ ಮೇಲೆ ಸಿಟ್ಟಾಗಿ ಪ್ರಾರ್ಥನೆ ಬಿಡುತ್ತೇನೆ ಎನ್ನುವವಳ ಜೊತೆ ಇದನ್ನು ಓದಿ. ಇಂಥ ಮಾತೂ ಸತ್ಯವೇದದಲ್ಲಿದೆ ಎಂದು ಕಂಡಾಗಲೇ ಎಷ್ಟೋ ಜನ ಮತ್ತೆ ಬಾಯಿ ತೆರೆದಿದ್ದಾರೆ. ಆಸ್ತಿಯಲ್ಲಿ ಅನ್ಯಾಯವಾಗಿದ್ದರೆ 37. ಮಕ್ಕಳ ಚಾಕರಿಯಲ್ಲಿ ದಣಿದವಳಿಗೆ 131, ಮೂರೇ ವಚನ. ಪ್ರಲಾಪಗಳು ಮೂರನೆಯ ಅಧ್ಯಾಯದಲ್ಲಿ ಮುಂಜಾನೆಯ ಹೊಸ ಕರುಣೆಯ ವಚನವನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ, ಅದರ ಹಿಂದಿನ ಇಪ್ಪತ್ತು ವಚನಗಳನ್ನೂ ಗಟ್ಟಿಯಾಗಿ ಓದಿ ಆಮೇಲೆ ಅಲ್ಲಿಗೆ ಬನ್ನಿ. ಒಂದೇ ಕೀರ್ತನೆಯನ್ನು ವಾರವಿಡೀ ಓದಬೇಕು. ವಾರದ ಕೊನೆಗೆ ಒಂದೆರಡು ವಚನ ತಾನಾಗಿಯೇ ನಾಲಿಗೆಗೆ ಬಂದಿರುತ್ತದೆ, ಆಸ್ಪತ್ರೆಯ ಬೆಂಚಿನ ಮೇಲೆ ಕೆಲಸಕ್ಕೆ ಬರುವುದು ಅದೇ.

ಕೂಟ ಕೆಡುವ ದಾರಿಗಳಲ್ಲಿ ಸಲಹೆಯೇ ಮೊದಲನೆಯದು. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತಿದ್ದಷ್ಟು ದಿನ ಗೆಳೆಯರಾಗಿದ್ದರು, ಬಾಯಿ ತೆರೆದ ಮೇಲೆ ಕೆಟ್ಟಿತು. ಯಾರಾದರೂ ಕಷ್ಟ ಹೇಳಿದ ಕೂಡಲೇ ನಾವು ಕೇಳುವುದು ಇಷ್ಟೇ: "ಪ್ರಾರ್ಥನೆ ಬೇಕಾ, ಸಲಹೆ ಬೇಕಾ, ಕೈಕೆಲಸಕ್ಕೆ ಜನ ಬೇಕಾ?" ಸಲಹೆ ಎಂದು ಅವಳೇ ಹೇಳದಿದ್ದರೆ ವಾರದ ತನಕ ಯಾರೂ ಕೊಡುವಂತಿಲ್ಲ. ಸಲಹೆ ಪ್ರಾರ್ಥನೆಯ ವೇಷದಲ್ಲೂ ಬರುತ್ತದೆ, ಇದನ್ನು ಹಿಡಿಯುವುದು ಕಷ್ಟ. "ಕರ್ತನೇ, ಈ ಸಹೋದರಿಗೆ ಗಂಡನಿಗೆ ಅಧೀನಳಾಗಿರುವ ತಾಳ್ಮೆ ಕೊಡು" ಎಂದು ಕಣ್ಣು ಮುಚ್ಚಿ ಬೇಡುವುದು ದೇವರಿಗೆ ಹೇಳಿದ್ದಲ್ಲ, ಪಕ್ಕದವಳಿಗೆ ಕೊಟ್ಟ ಪ್ರಸಂಗ, ಅಂದರೆ ಉಪದೇಶ. ಪರಿಹಾರ ಸುಲಭ: ಪ್ರಾರ್ಥನೆಯಲ್ಲಿ "ಅವಳು" ಬಿಟ್ಟು "ನಾವು" ಎಂದೇ ಹೇಳಬೇಕು. "ನಮಗೆ ತಾಳ್ಮೆ ಕೊಡು" ಎನ್ನುವಾಗ ಪ್ರಸಂಗ ತಾನಾಗಿಯೇ ಬಿದ್ದುಹೋಗುತ್ತದೆ.

ಎರಡನೆಯದು, ಒಬ್ಬಳ ದೊಡ್ಡ ಸಂಕಟ ಉಳಿದವರ ಬಾಯಿ ಕಟ್ಟುವುದು. ಅವಳ ಮನೆಯಲ್ಲಿ ಕ್ಯಾನ್ಸರ್ ಇರುವಾಗ ನನ್ನ ಮಗಳ ಪರೀಕ್ಷೆಯ ಮಾತೇಕೆ ಎಂದು ಮೂವರೂ ಸುಮ್ಮನಾದರೆ, ರೋಗಿಯ ಮನೆಯವಳು ಬರೀ ರೋಗಿಯ ಮನೆಯವಳಾಗಿ ಉಳಿಯುತ್ತಾಳೆ. ಎಲ್ಲರೂ ಸಾಲು ಕೊಡಲೇಬೇಕು, ಎಷ್ಟು ಚಿಕ್ಕದಾದರೂ. ತೀರಾ ಕುಸಿದವಳಿಗೆ ಮೂರು ವಾರ ಬಾಯಿಬಿಟ್ಟು ಪ್ರಾರ್ಥಿಸುವ ಹೊಣೆಯಿಂದ ವಿನಾಯಿತಿ ಇದೆ. ವಿಮೋಚನಕಾಂಡ 17ರಲ್ಲಿ ಆರೋನ ಮತ್ತು ಹೂರ ಮೋಶೆಯ ದಣಿದ ಕೈಗಳನ್ನು ಎತ್ತಿಹಿಡಿದಂತೆ ನಾವು ಅವಳ ಸಾಲನ್ನು ಅವಳ ಪರವಾಗಿ ಹೇಳುತ್ತೇವೆ. ನಾಲ್ಕನೆಯ ವಾರ ಒಂದು ವಾಕ್ಯವಾದರೂ ಅವಳಿಂದ ಹೇಳಿಸಬೇಕು, ಅದೂ ಇನ್ನೊಬ್ಬಳಿಗಾಗಿ. ವಿನಾಯಿತಿ ಇನ್ನೂ ಉದ್ದವಾದರೆ ಅವಳು ಮರಳಿ ಬರುವುದು ಕಷ್ಟವಾಗುತ್ತದೆ.

ಹೊಟ್ಟೆಕಿಚ್ಚಿನ ಬಗ್ಗೆ ಯಾರೂ ಬರೆಯುವುದಿಲ್ಲ. ಇಬ್ಬರು ಮಗುವಿಗಾಗಿ ಬೇಡುತ್ತಿದ್ದು ಒಬ್ಬಳು ಗರ್ಭಿಣಿಯಾದರೆ ಏನು ಮಾಡಬೇಕು? ಸತ್ಯವೇದದಲ್ಲಿ ಮಕ್ಕಳಿಲ್ಲದ ಹನ್ನಳ ಕಣ್ಣೀರಿಗೆ ಸವತಿ ಪೆನಿನ್ನಳ ಮಕ್ಕಳಷ್ಟೇ ಅವಳ ಮಾತೂ ಕಾರಣವಾಗಿತ್ತು. ಉತ್ತರ ಸಿಕ್ಕವಳು ಕಾಯುತ್ತಿರುವವಳಿಗೆ ಮೊದಲು ಒಬ್ಬಳಿಗೇ, ಖಾಸಗಿಯಾಗಿ ಹೇಳಬೇಕು. ಅವಳು ಅತ್ತರೆ ಅಳಲಿ. ಕೂಟದಲ್ಲಿ ಉತ್ತರ ಸಿಕ್ಕ ಸಾಕ್ಷಿ ಹೇಳುವುದು ಎರಡು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಮಾರನೆಯ ಕೂಟದಲ್ಲಿ ಕಾಯುತ್ತಿರುವವಳ ಸಾಲೇ ಮೊದಲು, ಅದನ್ನು ಹೇಳುವವಳು ಉತ್ತರ ಸಿಕ್ಕವಳು.

ಹಣದ ವಿಷಯ. ಪ್ರಾರ್ಥನಾ ಗೆಳತಿಯರನ್ನು ಬೇರೆ ಮಾಡುವುದರಲ್ಲಿ ಕೈಸಾಲಕ್ಕೆ ಸಮನಾದುದು ಇಲ್ಲ. ಸಾಲ ಕೊಟ್ಟವಳು ಪ್ರಾರ್ಥನೆಯಲ್ಲಿ ಸಾಲಗಾರಳ ಹೊಸ ಸೀರೆಯ ಲೆಕ್ಕ ಹಾಕುತ್ತಾಳೆ, ತೆಗೆದುಕೊಂಡವಳು ಕರೆಗೇ ಬರುವುದಿಲ್ಲ. ನಮ್ಮಲ್ಲಿ ಸಾಲವಿಲ್ಲ, ಡಬ್ಬಿಯಿದೆ. ಪ್ರತಿಯೊಬ್ಬಳೂ ತಿಂಗಳಿಗೆ ತನ್ನ ಮನೆಯ ಒಂದು ದಿನದ ಖರ್ಚಿನಷ್ಟು ಹಾಕುತ್ತಾಳೆ. ಆಗದ ತಿಂಗಳು ಹಾಕುವುದಿಲ್ಲ, ಯಾಕೆಂದು ಯಾರೂ ಕೇಳುವುದಿಲ್ಲ. ಡಬ್ಬಿ ಒಬ್ಬಳ ಬಳಿ, ಲೆಕ್ಕದ ಪುಸ್ತಕ ಇನ್ನೊಬ್ಬಳ ಬಳಿ. ಒಂದು ಅಗತ್ಯಕ್ಕೆ ಇರುವುದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯುವುದಿಲ್ಲ, ಮುಂದಿನ ತಿಂಗಳು ಇನ್ನೊಂದು ಮನೆಗೆ ಬೇಕಾಗಬಹುದು. ಕೊಟ್ಟದ್ದು ಕೊಟ್ಟದ್ದೇ, ಹಿಂದಕ್ಕೆ ಬರುವ ನಿರೀಕ್ಷೆಯಿಲ್ಲ. ಕುಡಿತ ಅಥವಾ ಜೂಜು ಇರುವ ಮನೆಗೆ ನಗದು ಕೊಡದೆ ಶಾಲೆಯ ಫೀಸನ್ನೋ ಔಷಧಿಯ ಬಿಲ್ಲನ್ನೋ ನೇರವಾಗಿ ಕಟ್ಟಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಅದು ಕೈ ಬದಲಾಗುತ್ತದೆ. ಗಲಾತ್ಯ 6ರಲ್ಲಿ ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿ ಎಂದೂ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ಹೊರಬೇಕು ಎಂದೂ ಕೆಲವೇ ವಚನಗಳ ಅಂತರದಲ್ಲಿದೆ. ಗಂಡನ ಹಳೆಯ ಸಾಲ ತೀರಿಸುವುದು ಡಬ್ಬಿಯ ಕೆಲಸವಲ್ಲ. ಆ ಸಾಲದ ನಡುವೆ ಮಗುವಿನ ಔಷಧಿ ತಪ್ಪದಂತೆ ನೋಡುವುದು ಅದರ ಕೆಲಸ.

ಇಂತಿಷ್ಟು ಕಾಣಿಕೆ ಕೊಟ್ಟರೆ ಉತ್ತರ ಖಂಡಿತ ಎನ್ನುವವರಿಗೆ ಡಬ್ಬಿಯಿಂದ ಬಿಡಿಕಾಸೂ ಹೋಗುವುದಿಲ್ಲ. ಕಷ್ಟದಲ್ಲಿರುವ ಹೆಂಗಸು ಕಿವಿಯೋಲೆ ಬಿಚ್ಚಿಕೊಡುವಷ್ಟು ದಿಕ್ಕುಗೆಟ್ಟಿರುತ್ತಾಳೆ, ಅವಳನ್ನು ತಡೆಯುವುದು ಗೆಳತಿಯರ ಕರ್ತವ್ಯ.

ಬೇರೆ ಪ್ರಯೋಗಗಳನ್ನೂ ಮಾಡಿದ್ದೇವೆ. 1727ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರಾವಿಯನ್ ಎಂಬ ಕ್ರೈಸ್ತ ಸಭೆಯವರು ದಿನದ ಗಂಟೆಗಳನ್ನು ಹಂಚಿಕೊಂಡು ಶುರುಮಾಡಿದ ಪ್ರಾರ್ಥನೆ ನೂರು ವರ್ಷ ನಡೆಯಿತು. ಅದರಲ್ಲಿ ಗಂಡಸರಷ್ಟೇ ಹೆಂಗಸರೂ ಪಾಲು ತೆಗೆದುಕೊಂಡಿದ್ದರು. ನಾಲ್ವರು ಇಪ್ಪತ್ನಾಲ್ಕು ಗಂಟೆ ಹಂಚಿಕೊಂಡರೆ ತಲೆಗೆ ಆರು ಗಂಟೆ, ಮನೆ ನಡೆಸುವವರಿಗೆ ಆಗದ ಮಾತು. ಹನ್ನೆರಡು ಗಂಟೆಯನ್ನು ಅರ್ಧರ್ಧ ಗಂಟೆಯ ತುಂಡು ಮಾಡಿ ಮೂರು ತಿಂಗಳಿಗೊಮ್ಮೆ ಮಾಡಿದಾಗ ನಡೆದುಕೊಂಡು ಬಂತು. ಸರದಿ ಹಾಕುವ ಒಂದು ಕ್ರಮವಿದೆ, ಅದನ್ನು ಕೇಳಿದವರಿಗೆ ಎದುರಿಗೇ ತೋರಿಸುತ್ತೇನೆ. 1984ರಲ್ಲಿ ಫರ್ನ್ ನಿಕೋಲ್ಸ್ ಎಂಬ ತಾಯಿ ತಾಯಂದಿರಿಗಾಗಿ ಶುರುಮಾಡಿದ ಕೂಟಗಳ ನಾಲ್ಕು ಹಂತ, ಸ್ತುತಿ, ಪಾಪದ ಅರಿಕೆ, ಕೃತಜ್ಞತೆ, ವಿಜ್ಞಾಪನೆ, ನಮಗೂ ಹಿಡಿಸಿತು. ಅರಿಕೆಯನ್ನು ಮಾತ್ರ ಫೋನಿನಲ್ಲಿ ಮೌನವಾಗಿ ಇಟ್ಟು, ಬಾಯಿಬಿಟ್ಟು ಹೇಳುವುದನ್ನು ಜೋಡಿಗೆ ಬಿಟ್ಟೆವು. ಉಪವಾಸದಲ್ಲಿ ಸಕ್ಕರೆ ಕಾಯಿಲೆಯವರು, ಹಾಲುಣಿಸುವವರು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರು ಊಟ ಬಿಡಬಾರದು. ಅವರು ಮಧ್ಯಾಹ್ನದ ತನಕ ಫೋನು, ಟಿವಿ ಬಿಟ್ಟರೆ ಸಾಕು.

ನಂಬದ ಗಂಡ, ದಾರಿ ತಪ್ಪಿದ ಮಗ, ಇವರ ದೊಡ್ಡ ಸಾಲು ಉದ್ದವಾದದ್ದು. ಹಿಂದಿನ ಕಾಲದ ಹೆಸರಾಂತ ಕ್ರೈಸ್ತ ಗುರು ಅಗಸ್ಟೀನನ ತಾಯಿ ಮೋನಿಕ ವರ್ಷಗಟ್ಟಲೆ ಅತ್ತು ಬೇಡಿದ್ದಕ್ಕೆ 387ರಲ್ಲಿ ಅವನ ದೀಕ್ಷಾಸ್ನಾನ ಕಂಡಳು, ಅದೇ ವರ್ಷ ತೀರಿಕೊಂಡಳು. ಅಷ್ಟು ಕಾಲ ಬೇಡುವಾಗ ದಿಂಬಿನ ಕೆಳಗೆ ವಾಕ್ಯದ ಚೀಟಿ ಇಡುವುದು, ಊಟದ ಹೊತ್ತಿಗೆ ಪ್ರಸಂಗ ಹಾಕುವುದು ಬೇಡ. ಮಾತಿಲ್ಲದೆಯೇ ನಡತೆಯಿಂದ ಗೆಲ್ಲಿರಿ ಎಂದು 1 ಪೇತ್ರ 3 ಹೇಳುತ್ತದೆ.

ಅದೇ ಅಧ್ಯಾಯವನ್ನು ಹಿಡಿದು ಪೆಟ್ಟು ತಿನ್ನುವವಳಿಗೆ ಸಹಿಸಿಕೋ ಎನ್ನುವವರಿದ್ದಾರೆ. ನಮ್ಮ ಕೂಟದಲ್ಲಿ ಅದು ನಡೆಯುವುದಿಲ್ಲ. ಗುಟ್ಟು ಎಲ್ಲಿಗೆ ನಿಲ್ಲುತ್ತದೆ ಎಂದು ಸೇರುವ ದಿನವೇ ಹೇಳಿರುತ್ತೇವೆ: ಹೊಡೆತ, ಮಕ್ಕಳಿಗೆ ಹಿಂಸೆ, ಸಾಯುವ ಮಾತು. ಈ ಮೂರರಲ್ಲಿ ಯಾವುದು ಬಂದರೂ ಅಂದೇ ಯಾರಾದರೊಬ್ಬರು ಅವಳ ಬಳಿ ಇರುತ್ತಾರೆ. ಡಾಕ್ಟರು, ಪೊಲೀಸರು, ಸುರಕ್ಷಿತವಾದ ಮನೆ, ಯಾವುದು ಬೇಕೋ ಅದಕ್ಕೆ ಕರೆ ಹೋಗುತ್ತದೆ. ಗುರುತಿನ ಚೀಟಿಗಳ ನಕಲು, ಎರಡು ಜೊತೆ ಬಟ್ಟೆ, ಸ್ವಲ್ಪ ನಗದು ಇರುವ ಚೀಲವನ್ನು ಗೆಳತಿಯ ಮನೆಯಲ್ಲಿ ಮುಂಚೆಯೇ ಇಟ್ಟಿರಬೇಕು. ಪ್ರಾರ್ಥನೆ ದಾರಿಯಲ್ಲಿ ಮಾಡಬಹುದು. ಕ್ಷಮಿಸುವುದು ಬೇರೆ, ಆ ಮನೆಗೆ ಹಿಂತಿರುಗುವುದು ಬೇರೆ. ಎರಡನ್ನೂ ಒಂದೇ ಎಂದು ಯಾರೂ ಅವಳಿಗೆ ಹೇಳಬಾರದು.

ಸಭಾಪಾಲಕರಿಗೆ ಕೂಟವಿದೆ ಎಂದು ತಿಳಿಸಿ, ಒಳಗಿನ ಮಾತು ತಿಳಿಸಬೇಡಿ. ಒಬ್ಬಳು ದೂರದೂರಿಗೆ ಹೋದರೆ ಅಥವಾ ತೀರಿಕೊಂಡರೆ ಮೂರು ತಿಂಗಳು ಮೂವರೇ ಮುಂದುವರಿಯಿರಿ, ಆಮೇಲೆ ಮೂವರೂ ಒಪ್ಪಿದವಳನ್ನು ಸೇರಿಸಿ. ಹೊಸಬಳು ಬಂದ ದಿನ ಹೊಸ ನೋಟ್‌ಬುಕ್ ತೆರೆಯಬೇಕು, ಹಳೆಯದನ್ನು ಅವಳು ಓದುವಂತಿಲ್ಲ. ಹೊಸದಾಗಿ ಶುರುಮಾಡುವವರು ಮೊದಲ ಮೂರು ತಿಂಗಳು ಡಬ್ಬಿ ಇಡಬೇಡಿ, ಉಪವಾಸ ಬೇಡ, ಸರದಿ ಪ್ರಾರ್ಥನೆಯೂ ಬೇಡ. ಕೀರ್ತನೆ 13, ಎರಡು ಸಾಲು, ಇಪ್ಪತ್ತೈದು ನಿಮಿಷ, ಆಮೆನ್ ಆದ ಕೂಡಲೇ ಫೋನ್ ಇಡುವುದು, ಇಷ್ಟೇ ಸಾಧಿಸಿ. ನಾಲ್ಕನೆಯ ತಿಂಗಳು ಡಬ್ಬಿಯ ಮಾತೆತ್ತಬಹುದು.